ನಮ್ಮ ಮನೆಯ ಗುಂಪಿನಲ್ಲಿ ರಾನಿಟಿಡಿನ್ ಮಾತು

ಹಾಸನದ ಚಿಕ್ಕಪ್ಪ (ಬಂದದ್ದನ್ನು ಕಳುಹಿಸಿದ್ದು): ಎಚ್ಚರಿಕೆ! ಗ್ಯಾಸ್ಟ್ರಿಕ್ ಮಾತ್ರೆಯೂ ಅಲರ್ಜಿ ಮಾತ್ರೆಯೂ ಹಿಸ್ಟಮಿನ್ ತಡೆಯುವ ಒಂದೇ ಜಾತಿಯ ವಿಷ. ಅಮೆರಿಕದಲ್ಲಿ ನಿಷೇಧವಾಗಿದೆ, ಕ್ಯಾನ್ಸರ್ ಖಚಿತ. ಮನೆಯಲ್ಲಿ ಇರುವುದನ್ನೆಲ್ಲ ಇಂದೇ ಎಸೆಯಿರಿ. ಎಲ್ಲ ಗುಂಪುಗಳಿಗೂ ಕಳುಹಿಸಿ.

ಹಾಸನದ ಚಿಕ್ಕಪ್ಪ: ಅಣ್ಣ, ನೀವು ವರ್ಷಗಟ್ಟಲೆ ಬೆಳಗಾದರೆ ನುಂಗುತ್ತಿರುವ ಗ್ಯಾಸ್ಟ್ರಿಕ್ ಮಾತ್ರೆ ರಾನಿಟಿಡಿನ್ ಇದೇ. ಪದ್ಮಕ್ಕನ ಸೀನಿನ ಮಾತ್ರೆಯೂ ಇದರಲ್ಲಿ ಸೇರಿದೆ. ದಯವಿಟ್ಟು ಇಬ್ಬರೂ ಇಂದೇ ನಿಲ್ಲಿಸಿ.

ದೊಡ್ಡಪ್ಪ: ಇಪ್ಪತ್ತು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಏನೂ ಆಗಿಲ್ಲ. ನಮ್ಮ ಅಪ್ಪನಿಗೆ 1974ರಲ್ಲಿ ಅಲ್ಸರ್ ಎಂದು ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಆರು ತಿಂಗಳು ಗಂಜಿಯ ಮೇಲೆಯೇ ಇದ್ದರು. ಆ ಕಾಲದಲ್ಲಿ ಈ ಮಾತ್ರೆ ಇದ್ದಿದ್ದರೆ ಅವರಿಗೆ ಆ ಕಷ್ಟ ಬರುತ್ತಿರಲಿಲ್ಲ.

ಸುಜಾತಾ: ಚಿಕ್ಕಪ್ಪ, ದೊಡ್ಡಪ್ಪ, ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ಇಷ್ಟು ವರ್ಷ ನಿಂತವಳಾಗಿ ಇಬ್ಬರಿಗೂ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ. ಈ ಸಂದೇಶದಲ್ಲಿ ಒಂದು ನಿಜವಿದೆ, ಅದಕ್ಕೆ ಎರಡು ತಪ್ಪುಗಳು ಅಂಟಿಕೊಂಡಿವೆ. ಹಿಸ್ಟಮಿನ್ ಎಂಬುದು ದೇಹವೇ ತಯಾರಿಸುವ ಒಂದು ರಾಸಾಯನಿಕ. ಅದು ಒಂದೇ ಆದರೂ ದೇಹದಲ್ಲಿ ಅದು ಹೋಗಿ ಕೂರುವ ಜಾಗಗಳು ಬೇರೆಬೇರೆ. ಮೂಗು, ಕಣ್ಣು, ಚರ್ಮಗಳಲ್ಲಿ ತುರಿಕೆ ಮತ್ತು ಸೀನು ತರಿಸುವ ಜಾಗವನ್ನು ಎಚ್1 ಎನ್ನುತ್ತಾರೆ, ಸೆಟಿರಿಜಿನ್ ಮತ್ತು ಅವಿಲ್ ಅಲ್ಲಿ ಕೆಲಸ ಮಾಡುತ್ತವೆ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಜೀವಕೋಶಗಳ ಮೇಲಿರುವುದು ಎಚ್2, ರಾನಿಟಿಡಿನ್ ಮತ್ತು ಫ್ಯಾಮೋಟಿಡಿನ್ ತಡೆಯುವುದು ಅದನ್ನು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಜೊತೆಗಾರರು ಈ ಎರಡನೆಯ ಜಾಗ ಬೇರೆಯೇ ಎಂದು 1972ರಲ್ಲಿ ತೋರಿಸಿಕೊಟ್ಟ ಮೇಲೆಯೇ 1976ರಲ್ಲಿ ಎಚ್2 ತಡೆದು ಆಮ್ಲ ತಗ್ಗಿಸುವ ಸಿಮೆಟಿಡಿನ್ ಅಲ್ಲಿನ ಮಾರುಕಟ್ಟೆಗೆ ಬಂದಿತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ದೊಡ್ಡಪ್ಪ, ತಾತನ ಆಪರೇಷನ್ ಆದ ಎರಡೇ ವರ್ಷಕ್ಕೆ ಆ ಔಷಧಿ ಬಂದದ್ದು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಸನದ ಚಿಕ್ಕಪ್ಪ: ಇತಿಹಾಸ ಇರಲಿ ಸುಜಾತಾ. ಕ್ಯಾನ್ಸರ್ ವಿಷಯ ನಿಜವೋ ಸುಳ್ಳೋ, ಅದನ್ನು ಹೇಳು.

ಸುಜಾತಾ: ರಾನಿಟಿಡಿನ್ ಒಂದರ ಮಟ್ಟಿಗೆ ಆತಂಕಕ್ಕೆ ಕಾರಣವಿದೆ. ಆ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿದೆ ಎಂದು 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಿಳಿಸಿತು. ಅದು ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆ, ಮನುಷ್ಯರಲ್ಲಿಯೂ ತರಬಹುದು ಎಂದು ಎಣಿಸಲಾದ ವಸ್ತು. ದಿನಕ್ಕೆ 96 ನ್ಯಾನೊಗ್ರಾಂ ಮೀರಬಾರದು ಎಂಬ ಮಿತಿ ಇದೆ. ಮುಂದೆ ಪರೀಕ್ಷಿಸಿದಾಗ ತಿಳಿದ ಸಂಗತಿ ಇನ್ನೂ ಮುಖ್ಯವಾದದ್ದು: ಕಾರ್ಖಾನೆಯಿಂದ ಸರಿಯಾಗಿ ಹೊರಬಿದ್ದ ಮಾತ್ರೆಯಲ್ಲೂ ದಿನ ಕಳೆದಂತೆ ಈ ಕಲ್ಮಶ ತಾನಾಗಿ ಹೆಚ್ಚುತ್ತದೆ, ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ ಹೆಚ್ಚುತ್ತದೆ. ಹಾಗಾಗಿಯೇ 2020ರ ಏಪ್ರಿಲ್ 1ರಂದು ಆ ಸಂಸ್ಥೆ ರಾನಿಟಿಡಿನ್ ಅನ್ನು ಪೂರ್ತಿಯಾಗಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವಂತೆ ತಯಾರಕರನ್ನು ಕೇಳಿತು. ನಮ್ಮ ದೇಶದಲ್ಲಿ ಆಗ ನಿಷೇಧ ಆಗಲಿಲ್ಲ, ಆದರೆ 2022ರ ಸೆಪ್ಟೆಂಬರಿನಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು ಕೈಬಿಟ್ಟರು. ದೋಷ ಇರುವುದು ರಾನಿಟಿಡಿನ್ ಅಣುವಿನ ರಚನೆಯಲ್ಲಿ, ಹಿಸ್ಟಮಿನ್ ತಡೆಯುವುದರಲ್ಲಿ ಅಲ್ಲ. ಅದೇ ಸಮಯದಲ್ಲಿ ಫ್ಯಾಮೋಟಿಡಿನ್ ಅನ್ನು ಪರೀಕ್ಷಿಸಿದಾಗ ಈ ಕಲ್ಮಶ ಸಿಗಲಿಲ್ಲ. ಖಚಿತ ಎಂಬ ಮಾತೂ ತಪ್ಪು. ನುಂಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಸಾಧಿಸಿ ತೋರಿಸಿಲ್ಲ. ಬೇರೆ ಒಳ್ಳೆಯ ಔಷಧಿ ಇರುವಾಗ ಈ ಅಪಾಯವನ್ನು ಏಕೆ ಹೊರಬೇಕು ಎಂಬುದಷ್ಟೇ ಪ್ರಶ್ನೆ.

ಪದ್ಮಾ ಅತ್ತೆ: ಹಾಗಾದರೆ ನನ್ನ ಸೆಟಿರಿಜಿನ್ ಏನಮ್ಮ? ಮಳೆ ಮುಗಿದು ಸೈಟಿನ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಅದಿಲ್ಲದೆ ನನಗೆ ರಾತ್ರಿ ಕಳೆಯುವುದಿಲ್ಲ.

ಸುಜಾತಾ: ಅತ್ತೆ, ಸೆಟಿರಿಜಿನ್‌ಗೂ ಈ ಕಲ್ಮಶದ ಕಥೆಗೂ ಸಂಬಂಧವಿಲ್ಲ. ಡಾಕ್ಟರ್ ಹೇಳಿದಂತೆ ಆ ಕಾಲದಲ್ಲಿ ತೆಗೆದುಕೊಳ್ಳಿ. ನನಗೆ ಚಿಂತೆ ಇರುವುದು ಅಜ್ಜಿಯ ವಿಷಯದಲ್ಲಿ. ನಿದ್ದೆ ಬರಲಿ ಎಂದು ಅವರಿಗೆ ಅರ್ಧ ಅವಿಲ್ ಕೊಡುತ್ತೇನೆಂದು ಹೋದ ತಿಂಗಳು ಹೇಳಿದಿರಿ. ಹಳೆಯ ಕಾಲದ ಅಲರ್ಜಿ ಮಾತ್ರೆಗಳು ಮಿದುಳಿಗೂ ಇಳಿಯುತ್ತವೆ, ನಿದ್ದೆ ಬರುವುದು ಅದರಿಂದಲೇ. ಎಂಬತ್ತು ದಾಟಿದವರಿಗೆ ಅದರಿಂದ ಮಂಕು ಕವಿಯುತ್ತದೆ, ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ರಾತ್ರಿ ಎದ್ದಾಗ ತೂರಾಡಿ ಬೀಳುವ ಭಯವೂ ಇದೆ. ಕೈಮುಗಿದು ಕೇಳುತ್ತೇನೆ, ಅದನ್ನು ಕೊಡಬೇಡಿ.

ಪದ್ಮಾ ಅತ್ತೆ: ಮೊನ್ನೆ ಬಚ್ಚಲ ಬಾಗಿಲಲ್ಲಿ ಅವರು ಜೋಲಿ ಹೊಡೆದದ್ದು ಈಗ ಅರ್ಥವಾಯಿತು. ಇನ್ನು ಕೊಡುವುದಿಲ್ಲ.

ದೊಡ್ಡಪ್ಪ: ನೀನು ಹೇಳುವುದೆಲ್ಲ ಸರಿ ಸುಜಾತಾ, ಆದರೆ ನನಗೆ ಹಿಡಿಸಿರುವುದು ಇದೇ. ಒಂದು ಹೊತ್ತು ತಪ್ಪಿದರೆ ಎದೆ ಉರಿಯುತ್ತದೆ. ಈಗ ಒಂದು ಸಾಲುತ್ತಿಲ್ಲ, ಎರಡು ಬೇಕಾಗಿದೆ.

ಸುಜಾತಾ: ಆ ಎರಡನೆಯ ಮಾತ್ರೆಯ ಬಗ್ಗೆಯೇ ನಾನು ಕೇಳಬೇಕೆಂದಿದ್ದೆ. ಈ ಬಗೆಯ ಔಷಧಿಯನ್ನು ಬಿಡದೆ ಒಂದೆರಡು ವಾರ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ, ಇಪ್ಪತ್ತು ವರ್ಷ ದಿನವೂ ನುಂಗುವುದಕ್ಕೆ ಇದು ಇರುವುದೂ ಅಲ್ಲ. ಹೋದ ಭಾನುವಾರ ನಿಮ್ಮ ಡಬ್ಬಿಯನ್ನು ನೋಡಿದೆ. ಒಲೆಯ ಮೇಲಿನ ಕಪಾಟಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇತ್ತು, ಮುಟ್ಟಿದರೆ ಬೆಚ್ಚಗಿತ್ತು. ಒಳಗಿದ್ದುದು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ತುಂಡು. ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡೂ ಅಂಗಡಿಯಲ್ಲಿ ಉಳಿದ ತುಂಡಿನಲ್ಲಿ ಹೋಗಿವೆ. ಬಿಸಿಗೆ ಕೆಡುವ ಔಷಧಿ, ವಯಸ್ಸು ಗೊತ್ತಿಲ್ಲ, ಇಟ್ಟಿರುವುದು ಒಲೆಯ ಮೇಲೆ. ಹಾಗೆ ಕತ್ತರಿಸಿ ಕೊಡುವಾಗ ನಾನೂ ಎಚ್ಚರ ತಪ್ಪಿದ್ದೇನೆ, ಈಗ ದಿನಾಂಕವಿರುವ ತುದಿಯನ್ನು ಕೊನೆಯವರೆಗೆ ಉಳಿಸಿ, ಮೊದಲು ಕೊಂಡವರಿಗೆ ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಹಾಸನದ ಚಿಕ್ಕಪ್ಪ: ನಾನು ಎಸೆಯಿರಿ ಎಂದದ್ದೂ ಇದನ್ನೇ ಅಲ್ಲವೇ? ತಪ್ಪೇನು?

ಸುಜಾತಾ: ದೊಡ್ಡಪ್ಪನ ಡಬ್ಬಿಯ ಮಟ್ಟಿಗೆ ನೀವು ಸರಿ ಚಿಕ್ಕಪ್ಪ. ಆದರೆ ಆ ಸಂದೇಶ ಓದಿದವರು ಅಲರ್ಜಿ ಮಾತ್ರೆಯನ್ನೂ ಎಸೆದು, ಇತ್ತ ಎದೆಯುರಿಗೆ ಸೋಡಾ ಕುಡಿದು ಸುಮ್ಮನಾಗುತ್ತಾರೆ. ಮಾತ್ರೆ ಬದಲಿಸುವುದಕ್ಕಿಂತ ಮೊದಲು, ಉರಿ ಏಕೆ ನಿಲ್ಲುತ್ತಿಲ್ಲ ಎಂದು ಕೇಳಬೇಕು. ಅಲ್ಸರ್ ಮಾಡುವ ಹೆಲಿಕೋಬ್ಯಾಕ್ಟರ್ ರೋಗಾಣು ಇದ್ದರೆ ಅದಕ್ಕೆ ಪ್ರತಿಜೈವಿಕದ ಕೋರ್ಸೇ ಬೇಕು, ಆಮ್ಲ ತಗ್ಗಿಸಿದರೆ ಸಾಲದು. ದೊಡ್ಡಪ್ಪ, ನೇರವಾಗಿ ಕೇಳುತ್ತೇನೆ, ಮುಚ್ಚಿಡಬೇಡಿ. ಮಲ ಕಪ್ಪಗೆ ಹೋಗುತ್ತಿದೆಯೇ? ತೂಕ ಇಳಿದಿದೆಯೇ? ನುಂಗಲು ತೊಂದರೆ ಇದೆಯೇ?

ದೊಡ್ಡಪ್ಪ: ಮಲ ಸರಿಯಾಗಿದೆ. ಪ್ಯಾಂಟು ಸಡಿಲವಾಗಿದೆ, ಸಕ್ಕರೆ ಬಿಟ್ಟಿದ್ದರಿಂದ ಎಂದುಕೊಂಡಿದ್ದೆ. ಮುದ್ದೆ ಎದೆಯ ನಡುವೆ ಸಿಕ್ಕಿಕೊಂಡಂತೆ ಆಗಿ ಎರಡು ತಿಂಗಳಾಯಿತು, ನೀರು ಕುಡಿದು ಇಳಿಸುತ್ತೇನೆ. ಯಾರಿಗೂ ಹೇಳಿರಲಿಲ್ಲ.

ಸುಜಾತಾ: ದೊಡ್ಡಪ್ಪ, ಹೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಮಾತ್ರೆಯಿಂದ ಉತ್ತರ ಸಿಗುವುದಿಲ್ಲ, ಎಂಡೋಸ್ಕೋಪಿ ಮಾಡಿಸಿಯೇ ನೋಡಬೇಕು. ನಾಳೆ ಬೆಳಿಗ್ಗೆಯೇ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗೋಣ. ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ, ಹೊಟ್ಟೆ ಖಾಲಿಯಿದ್ದರೆ ನಾಳೆಯೇ ಮಾಡುವುದಕ್ಕೂ ಆಗಬಹುದು. ಬಿಪಿ, ಶುಗರ್ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ನಾನು ಈಗಲೇ ಅವರ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ ತಿಳಿಸುತ್ತೇನೆ.

ಹಾಸನದ ಚಿಕ್ಕಪ್ಪ: ಅಣ್ಣ, ಐದು ಗಂಟೆಗೆ ಇಲ್ಲಿಂದ ಕಾರು ತೆಗೆದುಕೊಂಡು ಹೊರಡುತ್ತೇನೆ. ಸುಜಾತಾ, ನಿನ್ನನ್ನು ಅಂಗಡಿಯ ಹತ್ತಿರ ಹತ್ತಿಸಿಕೊಳ್ಳುತ್ತೇನೆ. ಆ ಸಂದೇಶವನ್ನು ನಾನು ಕಳುಹಿಸಿದ ಬೇರೆ ಎರಡು ಗುಂಪುಗಳಿಂದಲೂ ಈಗ ಅಳಿಸುತ್ತಿದ್ದೇನೆ.

ದೊಡ್ಡಪ್ಪ: ಡಬ್ಬಿಯನ್ನು ತರಬೇಕೆ?

ಸುಜಾತಾ: ತನ್ನಿ. ಹಳೆಯ ಚೀಟಿಗಳನ್ನೂ ತನ್ನಿ.