ಅಪ್‌ಡೇಟ್: ಡಿಸ್ಲೆಕ್ಸಿಯಾ ಇರುವ ತಂಗಿ, ವಿಶ್ವವಿದ್ಯಾಲಯದ ಲೈಬ್ರರಿ, ರೆಫರೆನ್ಸ್ ಪುಸ್ತಕ

ತಂಗಿ ಇತಿಹಾಸದಲ್ಲಿ ಎಂಎ ಮಾಡುತ್ತಿದ್ದಾಳೆ. ಅವಳಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಓದುವುದೇ ಕಷ್ಟವಾಗುವ ಕಲಿಕಾ ನ್ಯೂನತೆ. ರೆಫರೆನ್ಸ್ ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಿ ಮುಗಿಸಲು ಅವಳಿಗೆ ಆಗುವುದಿಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ.

ಕೆಲಸಕ್ಕೆ ಬಂದಿದ್ದು ಕಾಪಿರೈಟ್ ಕಾಯ್ದೆ ತೋರಿಸಿ ಎಂದವರ ಸಲಹೆ. 2012ರ ತಿದ್ದುಪಡಿಯಲ್ಲಿ ಸೇರಿದ 52(1)(ಝಡ್‌ಬಿ) ಕಲಂ ಪ್ರಕಾರ, ಅಂಗವೈಕಲ್ಯ ಇರುವವರಿಗೆ ಓದಲು ಆಗುವ ರೂಪದಲ್ಲಿ ಪುಸ್ತಕದ ಪ್ರತಿ ಮಾಡಬಹುದು. ಲಾಭಕ್ಕೆ ಮಾಡುವಂತಿಲ್ಲ, ಅಷ್ಟೇ. ಕೌಂಟರ್‌ನಲ್ಲಿ ಕೇಳಿದಾಗ ಸುಮ್ನೆ ತಲೆಯಾಡಿಸಿ ಕಳಿಸಿದ್ದರು. ಆಮೇಲೆ ಗ್ರಂಥಪಾಲಕರಿಗೇ ಪತ್ರ ಕೊಟ್ಟೆವು, ಜೊತೆಗೆ ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಜೆರಾಕ್ಸ್. ಅವರು ಕಲಂ ಓದಿ, "ಸ್ಕ್ಯಾನ್ ಮಾಡಿಸಿ ಕೊಡೋಣ ಬಿಡಮ್ಮ" ಎಂದರು.

ಸ್ಕ್ಯಾನ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿರುವುದು ಅಕ್ಷರವಾಗುತ್ತದೆ, ಫೋನ್ ಅದನ್ನು ಓದಿ ಹೇಳುತ್ತದೆ. ಹಳೇ ಅಚ್ಚಿನ ಪುಸ್ತಕದಲ್ಲಿ ಮಾತ್ರ ಒತ್ತಕ್ಷರಗಳದ್ದೇ ಕಾಟ. 'ಪಟ್ಟಣ' ಹೋಗಿ 'ಪಟಣ' ಆಗಿತ್ತು. ನಾನು ಒಮ್ಮೆ ಕಣ್ಣಾಡಿಸಿ ತಿದ್ದಿ ಕೊಡುತ್ತೇನೆ.

ಡಿಸ್ಲೆಕ್ಸಿಯಾ ಇರುವವರಿಗೆಂದೇ ಮಾಡಿದ ಓಪನ್‌ಡಿಸ್ಲೆಕ್ಸಿಕ್ ಫಾಂಟ್ ನಮಗೆ ಪ್ರಯೋಜನವಾಗಲಿಲ್ಲ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ! ಇಂಗ್ಲಿಷ್‌ನಲ್ಲೂ ಅವಳಿಗೆ ವ್ಯತ್ಯಾಸ ಕಾಣಲಿಲ್ಲ.

ನಮಗೆ ಗೊತ್ತಿಲ್ಲದಿದ್ದ ಇನ್ನೊಂದು ವಿಷಯ: ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿ ಕಣ್ಣು ಕಾಣದವರಿಗೆ ಮಾತ್ರ ಅಲ್ಲ, ಡಿಸ್ಲೆಕ್ಸಿಯಾ ಇರುವವರೂ ಸದಸ್ಯರಾಗಬಹುದು. ಅವಳಿಗೆ ಬೇಕಿದ್ದ ಕನ್ನಡ ಪುಸ್ತಕ ಅಲ್ಲಿ ಸಿಗಲಿಲ್ಲ, ಇಂಗ್ಲಿಷ್‌ನವು ಸಿಕ್ಕವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಪತ್ರದಲ್ಲಿ ಅದನ್ನೂ ಬರೆಯಿರಿ.

ಮನೆಗೆ ಕೊಡುವ ಬೇರೆ ಪುಸ್ತಕಗಳನ್ನು ವಾಪಸ್ ಕೊಡಲು ಜಾಸ್ತಿ ದಿನ ಕೇಳಿದ್ದೇವೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.