ಗುಲಾಬಿ ಪೆಪ್ಪರ್‌ಮಿಂಟಿಗೆ ಅಮೃತಾಂಜನದ ವಾಸನೆ ಯಾಕೆ?

ತಿಪಟೂರಿನವಳು:
ಎಲ್ಲರಿಗೂ ನಮಸ್ಕಾರ. ನಾವು ಓಹಾಯೋದ ಕೊಲಂಬಸ್ಸಿಗೆ ಬಂದು ಒಂದೂವರೆ ವರ್ಷ ಆಯ್ತು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ಮೊನ್ನೆ ಅವರ ಬಾಗಿಲ ಮುಂದಿನ ಹಿಮ ಎತ್ತಿ ಹಾಕಿದೆ ಅಂತ ಒಳಗೆ ಕರೆದು, ಗಾಜಿನ ಬಟ್ಟಲಿಂದ ಗುಂಡಗಿನ ಗುಲಾಬಿ ಬಿಲ್ಲೆ ಎರಡು ತೆಗೆದು ಕೊಟ್ರು. ಬಣ್ಣ ನೋಡಿ ರೋಸ್ ಇರಬೇಕು ಅಂದ್ಕೊಂಡೆ. ಬಾಯಿಗೆ ಹಾಕಿದ್ದೇ ತಡ, ನಮ್ಮಜ್ಜನ ಕೋಣೆ ಕಣ್ಮುಂದೆ ಬಂತು. ಗೋಡೆಗೂಡಿನಲ್ಲಿ ಅಮೃತಾಂಜನದ ಪುಟ್ಟ ಬಾಟಲಿ, ರಾತ್ರಿ ಮಲಗೋ ಮುಂಚೆ ಮೊಣಕಾಲಿಗೆ ನನ್ನ ಕೈಲಿ ಉಜ್ಜಿಸ್ಕೊಳ್ತಿದ್ದ ಅಯೋಡೆಕ್ಸ್, ಮಾರನೇ ದಿನ ಸ್ಕೂಲಲ್ಲೂ ಬೆರಳಿಂದ ಹೋಗದ ಆ ವಾಸನೆ. ಅದನ್ನೇ ಸಕ್ಕರೆಯಲ್ಲಿ ಕಲಸಿ ತಿನ್ನಿಸಿದ ಹಾಗಿತ್ತು.

ಅಜ್ಜಿ ಮಾತ್ರ ಕಣ್ಣು ಮುಚ್ಚಿ ಚೀಪ್ತಾ, ಭಾನುವಾರ ಚರ್ಚಿನಲ್ಲಿ ಅವರಪ್ಪ ಕೋಟಿನ ಜೇಬಿಂದ ಇದನ್ನೇ ತೆಗೆದು ಕೊಡ್ತಿದ್ರು ಅಂತ ಹೇಳಿದ್ರು. ಇದರ ಹೆಸರು ವಿಂಟರ್‌ಗ್ರೀನ್ ಅಂತೆ. ಮುಲಾಮಿಗೆ ಹಾಕೋದೂ ಇದೂ ಒಂದೇನಾ? ಐದು ವರ್ಷದ ಮಗನಿಗೆ ಕೊಡಬಹುದಾ? ಇನ್ನೊಂದು, ಆಕೆ ಅಷ್ಟು ಪ್ರೀತಿಯಿಂದ ಕೊಡ್ತಾರೆ, ನನಗೂ ಇಷ್ಟಪಟ್ಟು ತಿನ್ನಬೇಕು ಅಂತ ಆಸೆ. ಈ ರುಚಿ ಹಿಡಿಸೋಕೆ ದಾರಿ ಇದ್ಯಾ?

ಹುಬ್ಬಳ್ಳಿ ಔಷಧ ಅಂಗಡಿ:
ಅಕ್ಕಾರ, ನಿಮ್ಮ ಮೂಗು ಖರೇನ ಹೇಳೇತಿ. ವಿಂಟರ್‌ಗ್ರೀನಿಗೆ ವಾಸನಿ ಕೊಡೋದು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಬಳಗದ್ದು. ಆ ಬಿಲ್ಲಿಯೊಳಗೂ ಅದ ಇರ್ತದ, ಮುಲಾಮಿನೊಳಗೂ ಅದ. ದಿನಾ ಈ ವಾಸನಿಯೊಳಗ ಕುಂದ್ರಾಂವ ನಾನು.

ಪೆಪ್ಪರ್‌ಮಿಂಟಿನ್ಯಾಗ ಅದು ಹೆಸರಿಗಷ್ಟ ಇರ್ತದ, ಹುಡುಗಗ ಒಂದು ಕೊಟ್ರ ಅಂಜಿಕಿಲ್ಲ. ಒಡದು ಸಣ್ಣ ಚೂರು ಮಾಡಿ ಕೊಡ್ರಿ, ಇಡೀ ಬಿಲ್ಲಿ ಗಂಟಲಿಗೆ ಸಿಕ್ಕೀತು. ಆಸ್ಪಿರಿನ್ ಒಗ್ಗದ ಮಕ್ಕಳಿದ್ರ ಮೊದಲ ಡಾಕ್ಟರ್‌ನ ಕೇಳ್ರಿ. ಆದ್ರ ಶುದ್ಧ ವಿಂಟರ್‌ಗ್ರೀನ್ ಎಣ್ಣಿ ಮಾತ್ರ ಮನ್ಯಾಗ ಮಕ್ಕಳ ಕೈಗೆ ಸಿಗೋ ಹಂಗ ಇಡಬ್ಯಾಡ್ರಿ. ಒಂದು ಟೀ ಚಮಚ, ಅಂದ್ರ 5 ಮಿ.ಲೀ., ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ. 325 ಮಿ.ಗ್ರಾಂ.ನ ಗುಳಿಗಿ 20ಕ್ಕೂ ಹೆಚ್ಚು ಆತು. ಸಣ್ಣ ಕೂಸಿನ ಜೀವಾ ಹೋಗಾಕ ಅಷ್ಟು ಸಾಕು. ರಕ್ತ ತೆಳುವಾಗೋ ಗುಳಿಗಿ ತಗೊಳ್ಳೋ ವಯಸ್ಸಾದವರೂ ಈ ಮುಲಾಮು ಕೇಳ್ದ ಹಚ್ಚಬಾರದು.

ಮೇಷ್ಟ್ರು, ಮೈಸೂರು:
ತಾಯಿ, ನಿನ್ನ ಪ್ರಶ್ನೆ ಓದಿ ನನಗೆ ಪಿಟ್ಸ್‌ಬರ್ಗ್ ನೆನಪಾಯಿತು. ಮೂವತ್ತು ವರ್ಷ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಲ್ಯಾಬಿನಲ್ಲಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಮೆಥನಾಲ್, ಎರಡು ಹನಿ ಗಂಧಕಾಮ್ಲ ಹಾಕಿ ಬೆಚ್ಚಗೆ ಮಾಡಿ, ನೀರಿಗೆ ಸುರಿದ ತಕ್ಷಣ ಇಡೀ ಕೋಣೆ ಅಯೋಡೆಕ್ಸ್ ಆಗುತ್ತಿತ್ತು. ಹುಡುಗರು 'ಸಾರ್, ಕ್ರಿಕೆಟ್ ಟೀಮು ಬಂತು' ಅನ್ನುತ್ತಿದ್ದರು. ಅಂಥ ವಾಸನೆಯ ಐಸ್‌ಕ್ರೀಮನ್ನು ಮಗ ಪಿಟ್ಸ್‌ಬರ್ಗಿನಲ್ಲಿ ನನ್ನ ಕೈಗಿಟ್ಟ. ಟೀಬೆರಿ ಐಸ್‌ಕ್ರೀಮು, ಅದೂ ಗುಲಾಬಿ ಬಣ್ಣವೇ. ಟೀಬೆರಿ ಅಂದರೆ ವಿಂಟರ್‌ಗ್ರೀನ್ ಗಿಡದ ಕೆಂಪು ಹಣ್ಣು. ಅಲ್ಲಿನ ಕಾಡಿನಲ್ಲಿ ನೆಲಕ್ಕಂಟಿ ಬೆಳೆಯುತ್ತದೆ, ಹಿಮ ಬಿದ್ದರೂ ಎಲೆ ಹಸಿರಾಗಿಯೇ ಇರುತ್ತದೆ.

ನಾವು ಪೆಪ್ಪರ್‌ಮಿಂಟು ಅಂತ ಎಲ್ಲಾ ಮಿಠಾಯಿಗೂ ಹೇಳುತ್ತೇವೆ, ಕಿತ್ತಳೆ ಬಿಲ್ಲೆಗೂ ಅದೇ ಹೆಸರು. ನಿಜವಾದ ಪೆಪ್ಪರ್‌ಮಿಂಟಿನ ಜೀವ ಮೆಂಥಾಲ್. ನಾಲಿಗೆಯಲ್ಲಿ ತಂಪು ಅರಿಯುವ ನರಗಳಿರುತ್ತವಲ್ಲ, ಅವುಗಳ ಬಾಗಿಲನ್ನು ಮೆಂಥಾಲ್ ತೆರೆದುಬಿಡುತ್ತದೆ. ಬಾಯಿ ತಣ್ಣಗಾಗಿರುವುದಿಲ್ಲ, ತಣ್ಣಗಾಯಿತು ಎಂಬ ಸುದ್ದಿ ಮಾತ್ರ ಮೆದುಳಿಗೆ ಹೋಗುತ್ತದೆ. ಆ ಬಾಗಿಲು ಯಾವುದೆಂದು 2002ರಲ್ಲಿ ಗೊತ್ತಾಯಿತು. ಅದನ್ನು ಹುಡುಕಿದವರಲ್ಲಿ ಒಬ್ಬರಾದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಸ್ಪಿಯರ್‌ಮಿಂಟ್ ನಮ್ಮ ಚಟ್ನಿಯ ಪುದೀನದ ಜಾತಿ. ಅದರಲ್ಲಿ ಕಾರ್ವೋನ್ ಹೆಚ್ಚು. ಅದೇ ಕಾರ್ವೋನ್ ಕನ್ನಡಿಯ ಬಿಂಬದ ಹಾಗೆ ಎಡಬಲ ತಿರುಗಿದರೆ ಸಬ್ಬಸಿಗೆ ಬೀಜದ ವಾಸನೆ, ಎಂದರೆ ನಾವೆಲ್ಲ ಕೂಸಾಗಿದ್ದಾಗ ಕುಡಿದ ಗ್ರೈಪ್ ವಾಟರ್. ಅಣುವಿನಲ್ಲಿ ಒಂದು ಪರಮಾಣುವೂ ಹೆಚ್ಚುಕಮ್ಮಿ ಇಲ್ಲ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ವಿಂಟರ್‌ಗ್ರೀನ್ ಮಿಂಟಿನ ಕುಲಕ್ಕೇ ಸೇರಿದ್ದಲ್ಲ. ಅಮೆರಿಕದವರಿಗೆ ಅದು ತಿಂಡಿಯ ವಾಸನೆಯಾಗಿ ಮೊದಲು ಸಿಕ್ಕಿತು. ಬಾಸ್ಟನ್ನಿನ ಆಲಿವರ್ ಚೇಸ್ ಬಿಲ್ಲೆ ಕತ್ತರಿಸುವ ಯಂತ್ರ ಮಾಡಿದ್ದು 1847ರಲ್ಲಿ. ಅಲ್ಲಿಂದ ಬೆಳೆದ ನೆಕ್ಕೊ ವೇಫರ್ ಎಂಬ ಬಿಲ್ಲೆ ಮಿಠಾಯಿಯಲ್ಲಿ ಇವತ್ತಿಗೂ ಗುಲಾಬಿ ಬಿಲ್ಲೆ ವಿಂಟರ್‌ಗ್ರೀನೇ. 2018ರಲ್ಲಿ ಆ ಕಾರ್ಖಾನೆ ಮುಚ್ಚಿ, 2020ರಲ್ಲಿ ನಿಮ್ಮ ಓಹಾಯೋದ ಕಂಪನಿಯೊಂದು ಆ ಮಿಠಾಯಿಯನ್ನು ಮತ್ತೆ ಶುರು ಮಾಡಿತು. ರೂಟ್ ಬಿಯರ್ ಎಂಬ ಅಲ್ಲಿನ ಸಿಹಿ ಸೋಡಾ ಕುಡಿದು ಔಷಧಿ ಅಂದವರು ನಮ್ಮಲ್ಲಿ ಎಷ್ಟು ಜನ! ಅದರಲ್ಲಿರುವುದೂ ಈ ವಾಸನೆಯೇ.

ರುಚಿ ಹಿಡಿಸಲು ಒಂದು ಮಾತು. ಮೊದಲ ಸಲವೇ ಕಡಿಯಬೇಡ. ಬಿಲ್ಲೆಯನ್ನು ಕೆನ್ನೆಗೆ ಒತ್ತಿಟ್ಟುಕೊಂಡು ಸುಮ್ಮನಿರು. ಮೊದಲ ಅರ್ಧ ನಿಮಿಷ ಮುಲಾಮೇ. ಆಮೇಲೆ ಸಕ್ಕರೆ ಕರಗುತ್ತಾ ಬಂದ ಹಾಗೆ ಒಂದು ಹೂವಿನಂಥ ಸಿಹಿ ಮೇಲೇಳುತ್ತದೆ. ಪೆಪ್ಪರ್‌ಮಿಂಟಿನಂತೆ ಗಂಟಲಿಗೆ ಚುಚ್ಚುವುದಿಲ್ಲ, ಮೆತ್ತಗಿರುತ್ತದೆ. ನನಗೆ ಆ ಐಸ್‌ಕ್ರೀಮು ಮೂರನೇ ದಿನಕ್ಕೆ ಹಿಡಿಸಿತು. ಈಗ ಮಗ ಬರುವಾಗಲೆಲ್ಲ ನಾನೇ ಕೇಳಿ ಬಿಲ್ಲೆ ತರಿಸಿಕೊಳ್ಳುತ್ತೇನೆ.

ಮಗುವಿಗೆ ಒಂದು ಆಟ ತೋರಿಸು. ಲೈಫ್ ಸೇವರ್ಸ್ ಕಂಪನಿಯ ವಿಂಟ್‌-ಓ-ಗ್ರೀನ್ ಮಿಠಾಯಿ ತಾ, ಸಕ್ಕರೆ ಇರುವುದೇ ಆಗಬೇಕು. ಕತ್ತಲೆ ಕೋಣೆಯಲ್ಲಿ ಹತ್ತು ನಿಮಿಷ ಕೂತು ಇಕ್ಕಳದಲ್ಲಿ ಹಿಂಡು. ಏನಾಗುತ್ತದೆಂದು ನೋಡಿ ಬರೆ, ಕಾರಣ ಆಮೇಲೆ ಹೇಳುತ್ತೇನೆ.

ಗುಂಡ್ಲುಪೇಟೆ:
ನಮ್ಮ ದೊಡ್ಡಮ್ಮನ ಮನೆ ಊಟಿ ಕಡೆ. ವಿಂಟರ್‌ಗ್ರೀನ್ ಪರದೇಶದ್ದು ಮಾತ್ರ ಅಂದ್ಕೋಬೇಡಿ, ಅದರ ದಾಯಾದಿ ನೀಲಗಿರಿ ಬೆಟ್ಟದಲ್ಲೇ ಇದೆ. ಅಲ್ಲಿನ ಅಂಗಡಿಗಳಲ್ಲಿ ನೀಲಗಿರಿ ಎಣ್ಣೆ ಬಾಟಲಿ ಪಕ್ಕದಲ್ಲೇ ವಿಂಟರ್‌ಗ್ರೀನ್ ಎಣ್ಣೆನೂ ಇಟ್ಟಿರ್ತಾರೆ. ಚಿಕ್ಕವನಿದ್ದಾಗ ದೊಡ್ಡಮ್ಮ ತೋಟದಂಚಿನ ಪೊದೆಯಿಂದ ಒಂದು ಎಲೆ ಕಿತ್ತು ಕೊಟ್ಟು ಮೂಸು ಅಂದ್ರು. ದಪ್ಪ ಎಲೆ, ಅಂಚಿಗೆ ಸಣ್ಣ ಗರಗಸದ ಹಲ್ಲು. ಏನೂ ವಾಸನೆ ಇಲ್ಲ. 'ಈಗ ಹಿಚುಕಿ ಸ್ವಲ್ಪ ಹೊತ್ತು ಮುಷ್ಟಿಯಲ್ಲೇ ಇಟ್ಕೋ' ಅಂದ್ರು. ಮುಷ್ಟಿ ಬಿಚ್ಚಿದ್ರೆ ಅಂಗೈ ತುಂಬ ಅಯೋಡೆಕ್ಸ್! ಎಲೆ ಮುರಿಯೋವರೆಗೂ ಆ ವಾಸನೆ ಸಕ್ಕರೆ ಜೊತೆ ಕಟ್ಟಿಹಾಕಿಕೊಂಡು ಇರುತ್ತಂತೆ, ಮುರಿದಾಗ ಬಿಡುಗಡೆ. ಅದಕ್ಕೇ ಬಟ್ಟಿ ಇಳಿಸೋ ಮುಂಚೆ ಎಲೆನ ಬೆಚ್ಚಗಿನ ನೀರಲ್ಲಿ ನೆನೆಹಾಕೋದು.

ತಿಪಟೂರಿನವಳು:
ಮೇಷ್ಟ್ರೇ, ನಿನ್ನೆ ರಾತ್ರಿ ಬಟ್ಟೆ ಇಡೋ ಗೂಡಿನ ಬಾಗಿಲು ಹಾಕ್ಕೊಂಡು ನಾನು, ಮಗ, ಪಕ್ಕದ ಅಜ್ಜಿ ಮೂರೂ ಜನ ಕೂತ್ವಿ. ಇಕ್ಕಳ ಹಿಂಡಿದ ತಕ್ಷಣ ಪಟ್ ಅಂತ ನೀಲಿ ಬೆಳಕು, ಮಿಂಚುಹುಳು ರೆಕ್ಕೆ ತೆರೆದ ಹಾಗೆ. ಮಗ ಇಡೀ ಪ್ಯಾಕೆಟ್ ಮುಗಿಸಿಬಿಟ್ಟ, ಒಂದನ್ನೂ ತಿನ್ನದೆ. ಅಜ್ಜಿ ಚಿಕ್ಕವರಿದ್ದಾಗ ಅಕ್ಕತಂಗಿಯರು ಕನ್ನಡಿ ಮುಂದೆ ನಿಂತು ಹಲ್ಲಲ್ಲೇ ಕಡೀತಿದ್ರಂತೆ.

ಮೇಷ್ಟ್ರು, ಮೈಸೂರು:
ಸಂತೋಷವಾಯಿತಮ್ಮ. ಸಕ್ಕರೆ ಹರಳು ಒಡೆಯುವಾಗ ಸಣ್ಣ ಸಿಡಿಲು ಹುಟ್ಟಿ ಗಾಳಿಯ ಸಾರಜನಕ ಬೆಳಗುತ್ತದೆ. ಅದರ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ನೇರಳಾತೀತ. ಆ ಬೆಳಕನ್ನು ಮೀಥೈಲ್ ಸ್ಯಾಲಿಸಿಲೇಟ್ ನುಂಗಿ ನೀಲಿಯಾಗಿ ಹೊರಗೆ ಬಿಡುತ್ತದೆ. ಬರೀ ಕಲ್ಲುಸಕ್ಕರೆ ಒಡೆದರೂ ಬೆಳಕುಂಟು, ಆದರೆ ತೀರಾ ಮಂದ.

ತಿಪಟೂರಿನವಳು:
ಇನ್ನೊಂದು ಹೇಳೋದು ಮರೆತೆ. ಊರಿಂದ ತಂದ ಅಮೃತಾಂಜನದ ಮುಚ್ಚಳ ತೆಗೆದು ಅಜ್ಜಿ ಮೂಗಿಗೆ ಹಿಡಿದೆ. ಸುಮಾರು ಹೊತ್ತು ಬಾಟಲಿ ಕೈಲಿ ಹಿಡ್ಕೊಂಡೇ ಇದ್ರು. ಅಪ್ಪನ ಕೋಟು ಅಂದ್ರು. ರಕ್ತ ತೆಳುವಾಗೋ ಮಾತ್ರೆ ತಗೋತೀರಾ ಅಂತ ಮೊದಲು ಕೇಳ್ಕೊಂಡೆ, ಹುಬ್ಬಳ್ಳಿ ಅಣ್ಣ ಹೇಳಿದ್ರಲ್ಲ. ಇಲ್ಲ ಅಂದ್ರು. ಅವರ ಮೊಣಕಾಲಿಗೆ ಒಂದಿಷ್ಟು ಉಜ್ಜಿ, ಬಾಟಲಿ ಅಲ್ಲೇ ಬಿಟ್ಟು ಬಂದೆ.