ಪದಚರ್ಚೆ: ‘ಪಾಸಿಟಿವ್ ಅಫರ್ಮೇಶನ್’ – ಕುಡಿತ ಬಿಟ್ಟವರ ಬಾಯಿಗೆ ಹೊಂದುವ ಕನ್ನಡ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಒಂದು ಸಣ್ಣ ಗುಂಪಿಗೆ ನಾನು ಕರಪತ್ರಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ನನ್ನ ಅಣ್ಣನೂ ಆ ಗುಂಪಿನಲ್ಲಿದ್ದಾನೆ. ಈ ಸಲ ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಚೀಟಿ ಬೇಕಂತೆ. ಬೆಳಿಗ್ಗೆ ಎದ್ದಾಗ, ಕುಡಿಯಬೇಕು ಅನ್ನಿಸಿದಾಗ, ರಾತ್ರಿ ಮಲಗುವಾಗ ತನಗೆ ತಾನೇ ಹೇಳಿಕೊಳ್ಳುವ ಸಣ್ಣ ಸಣ್ಣ ಮಾತುಗಳು ಅದರಲ್ಲಿರುತ್ತವೆ. ಇಂಗ್ಲಿಷಿನವರು ‘ಪಾಸಿಟಿವ್ ಅಫರ್ಮೇಶನ್’ ಅನ್ನುತ್ತಾರಲ್ಲ, ಅದು. ಮಾತುಗಳು ಹೇಗೋ ಸಿಕ್ಕವು. ತಲೆಬರಹದ ಹತ್ತಿರ ನಿಂತುಬಿಟ್ಟೆ.

ಜಾಸ್ತಿ ಕಡೆ ಕಾಣುವುದು ‘ಸಕಾರಾತ್ಮಕ ದೃಢೀಕರಣ’. ಅದನ್ನೇ ಬರೆದು ಅಣ್ಣನಿಗೆ ತೋರಿಸಿದೆ. ಓದಿ, ‘ಇದು ಯಾವ ಸರ್ಟಿಫಿಕೇಟು?’ ಅಂತ ಕೇಳಿದ. ಅವನು ಕೇಳಿದ್ದು ಸರಿಯೇ. ದೃಢೀಕರಣ ಅಂದರೆ ನಮಗೆಲ್ಲ ನೆನಪಾಗುವುದು ನಾಡಕಚೇರಿ, ವಂಶವೃಕ್ಷ, ದೃಢೀಕೃತ ನಕಲು. ಆಗಿಹೋದ ಸಂಗತಿಯನ್ನು ಇನ್ನೊಬ್ಬರು ನೋಡಿ ‘ಹೌದು’ ಅಂತ ಮೊಹರು ಹಾಕುವುದು ಅದು. ಇಲ್ಲಿ ಸಂಗತಿ ಇನ್ನೂ ಆಗುತ್ತಾ ಇದೆ. ಮೊಹರು ಹಾಕುವವರೂ ಯಾರಿಲ್ಲ.

‘ಪ್ರತಿಜ್ಞೆ’, ‘ಶಪಥ’, ‘ಆಣೆ’ ಆಗುತ್ತವಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಇವು ಬೇಡ ಅಂತ ನನಗೆ ತುಂಬಾ ಬಲವಾಗಿ ಅನ್ನಿಸುತ್ತದೆ. ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಆಣೆ’ ಸಂಸ್ಕೃತದ ‘ಆಜ್ಞಾ’ದಿಂದ ಬಂದ ತದ್ಭವ. ಮೊದಲು ಅಪ್ಪಣೆ ಅನ್ನುವ ಅರ್ಥ, ಆಮೇಲೆ ದೇವರನ್ನೋ ಹತ್ತಿರದವರನ್ನೋ ಮುಂದಿಟ್ಟು ಕೊಡುವ ಮಾತು. ‘ಮಾತು ಬಿಡ ಮಂಜುನಾಥ’ ಅನ್ನುವ ಗಾದೆ ಹುಟ್ಟಿದ್ದೇ ಈ ನಂಬಿಕೆಯಿಂದ. ಕೊಟ್ಟ ಮಾತು ತಪ್ಪಿದರೆ ಕೇಳುವವನು ಒಬ್ಬನಿದ್ದಾನೆ. ಕುಡಿತ ಕಂಡ ಮನೆಗಳಲ್ಲಿ ಆಣೆ ಎಷ್ಟು ಸಲ ಆಗಿರುತ್ತದೆ ಅಂತ ಅನುಭವಿಸಿದವರಿಗೆ ಗೊತ್ತು. ನನ್ನ ಅಣ್ಣ ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಹನ್ನೊಂದನೇ ದಿನ ಒಂದು ಮದುವೆಮನೆಯಲ್ಲಿ ಒಂದು ಗ್ಲಾಸ್ ಕುಡಿದ. ಅವನನ್ನು ಕೆಡವಿದ್ದು ಆ ಒಂದು ಗ್ಲಾಸ್ ಅಲ್ಲ. ‘ಮಗಳ ಮೇಲಿನ ಆಣೆಯನ್ನೇ ಮುರಿದೆ, ಇನ್ನೇನು ಉಳೀತು’ ಅನ್ನುವ ನಾಚಿಕೆ. ಆಮೇಲೆ ನಾಲ್ಕು ತಿಂಗಳು ನಿಲ್ಲಲೇ ಇಲ್ಲ. ಮಗಳ ಮುಖ ನೋಡುವುದನ್ನೂ ಬಿಟ್ಟಿದ್ದ.

ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ ತಮ್ಮ ಜೊತೆಗಾರರೊಂದಿಗೆ 1985ರಲ್ಲಿ ತಂದ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಒಮ್ಮೆ ಜಾರಿದವನು ‘ನಾನೇ ಸರಿಯಿಲ್ಲ’ ಅಂದುಕೊಂಡರೆ, ಸಣ್ಣ ಜಾರುವಿಕೆ ದೊಡ್ಡ ಬೀಳುವಿಕೆ ಆಗುತ್ತದೆ. ಆದ್ದರಿಂದ ನಮಗೆ ಬೇಕಾದ ಪದ ಮುರಿಯುವಂಥದ್ದಾಗಿರಬಾರದು. ಜಾರಿದ ಮರುದಿನ ಬೆಳಿಗ್ಗೆಯೂ ಅದೇ ಚೀಟಿ ತೆಗೆದು ಓದಿಕೊಳ್ಳುವ ಹಾಗಿರಬೇಕು.

‘ಸಂಕಲ್ಪ’ ಇದಕ್ಕಿಂತ ಎಷ್ಟೋ ವಾಸಿ. ಯೋಗನಿದ್ರೆ ಕಲಿತವರಿಗೆ ಗೊತ್ತಿರುತ್ತದೆ, ಅಲ್ಲಿ ಒಂದು ಚಿಕ್ಕ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಳ್ಳುತ್ತಾರೆ. ಅದನ್ನು ಸಂಕಲ್ಪ ಅಂತಲೇ ಕರೆಯುತ್ತಾರೆ. ಆದರೂ ಪೂಜೆಯ ಸಂಕಲ್ಪ, ಹೊಸ ವರ್ಷದ ಸಂಕಲ್ಪ ಎರಡರಲ್ಲೂ ಮುಂದೆ ಮಾಡುವುದರ ಕಡೆಗೇ ಗಮನ. ಛಲದ ವಾಸನೆಯೂ ಇದೆ. ತನಗೆ ತಾನೇ ಮಾತು ಹೇಳಿಕೊಳ್ಳುವ ಪದ್ಧತಿಯನ್ನು ಜನಪ್ರಿಯ ಮಾಡಿದ ಫ್ರಾನ್ಸಿನ ಎಮಿಲ್ ಕುಯೆ (1857–1926) ಛಲ ಬೇಡ ಅಂತಲೇ ಹೇಳುತ್ತಿದ್ದರು. ಮೊದಲು ಅವರು ಔಷಧದಂಗಡಿ ನಡೆಸುತ್ತಿದ್ದವರು. ‘ದಿನದಿನವೂ, ಎಲ್ಲ ರೀತಿಯಲ್ಲೂ, ನಾನು ಸುಧಾರಿಸುತ್ತಿದ್ದೇನೆ’ ಅನ್ನುವ ಅರ್ಥದ ಮಾತನ್ನು ಬೆಳಿಗ್ಗೆ ಇಪ್ಪತ್ತು ಸಲ, ರಾತ್ರಿ ಇಪ್ಪತ್ತು ಸಲ ಹೇಳಿಸುತ್ತಿದ್ದರು. ಎಣಿಸುವುದಕ್ಕೆ ಇಪ್ಪತ್ತು ಗಂಟು ಹಾಕಿದ ಒಂದು ದಾರ. ನಮ್ಮ ಜಪಮಣಿಯ ಹಾಗೆ, ಅಲ್ವಾ? ಹಠಕ್ಕೂ ಕಲ್ಪನೆಗೂ ಜಗಳ ಬಿದ್ದರೆ ಗೆಲ್ಲುವುದು ಕಲ್ಪನೆ ಅನ್ನುವುದು ಅವರ ವಾದ.

ಹಾಗಂತ ಸುಮ್ನೆ ದೊಡ್ಡ ಮಾತು ಹೇಳಿಕೊಂಡರೂ ಆಗುವುದಿಲ್ಲ. 2009ರಲ್ಲಿ ಕೆನಡಾದ ಜೊಆನ್ ವುಡ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ತನ್ನ ಬಗ್ಗೆ ತನಗೇ ಕೀಳು ಭಾವನೆ ಇದ್ದವರು ‘ಜನ ನನ್ನನ್ನು ಪ್ರೀತಿಸುವಂಥ ವ್ಯಕ್ತಿ ನಾನು’ ಅಂತ ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಯಾರಿಗೆ ತಾನೇ ತನ್ನ ಬಗ್ಗೆ ಒಳ್ಳೆಯ ಭಾವನೆ ಇರುತ್ತದೆ? ಅದಕ್ಕೇ ಚೀಟಿಯಿಂದ ‘ನಾನು ಬಲಶಾಲಿ’, ‘ನಾನು ಗೆದ್ದಿದ್ದೇನೆ’ ಎರಡನ್ನೂ ತೆಗೆದುಹಾಕಿದೆ. ‘ಇವತ್ತು ಕುಡಿಯಲ್ಲ’ ಉಳಿಸಿಕೊಂಡೆ. ಒಂದೊಂದೇ ದಿನ ದಾಟುವ ಈ ಲೆಕ್ಕ 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ ಕೂಟದವರದ್ದೂ ಹೌದು.

ಇಲ್ಲಿ ವ್ಯಾಕರಣದ ಒಂದು ಚಂದದ ವಿಷಯ ಕಂಡಿತು. ಅಫರ್ಮೇಶನ್‌ನಲ್ಲಿ ‘ಇಲ್ಲ’, ‘ಬೇಡ’ ಬರಬಾರದು, ವರ್ತಮಾನದಲ್ಲೇ ಇರಬೇಕು ಅಂತ ಕಲಿಸುವವರು ಹೇಳುತ್ತಾರೆ. ಕನ್ನಡದಲ್ಲಿ ‘ಬಿಟ್ಟೆ’ ಅಂದರೆ ಮುಗಿದ ಕತೆ. ‘ಬಿಡುತ್ತೇನೆ’ ಅಂದರೆ ನಾಳೆಯ ಮಾತು, ಮನೆಯವರು ಸಾವಿರ ಸಲ ಕೇಳಿದ್ದು. ‘ಬಿಟ್ಟಿದ್ದೇನೆ’ಯಲ್ಲಿ ಮಾತ್ರ ಬಿಡುವುದೂ ಇದೆ, ಇರುವುದೂ ಇದೆ. ಬಿಟ್ಟು ಇದ್ದೇನೆ. ಈ ಕ್ಷಣವೂ ಹಾಗೇ ಇದ್ದೇನೆ. ‘ಇಲ್ಲ’ ಅನ್ನುವ ಮಾತೇ ಇಲ್ಲ. ಇನ್ನು ‘ನಾನು ಕುಡಿಯಲ್ಲ’ ಅನ್ನುವುದಕ್ಕೆ ಎರಡು ಅರ್ಥ: ಮುಂದೆ ಕುಡಿಯುವುದಿಲ್ಲ, ಮತ್ತು ಕುಡಿಯದ ಮನುಷ್ಯ ನಾನು. ಯಾರಾದರೂ ಗ್ಲಾಸ್ ಮುಂದೆ ಹಿಡಿದಾಗ ಅಣ್ಣ ಈಗ ಹೇಳುವುದು ಇಷ್ಟೇ. ಹಾಗೇ ‘ನಾನು ಕುಡಿಯಬೇಕು’ ಮತ್ತು ‘ನನಗೆ ಕುಡಿಯಬೇಕು ಅನ್ನಿಸುತ್ತಿದೆ’ ಬೇರೆ ಬೇರೆ. ಎರಡನೆಯದರಲ್ಲಿ ಆಸೆ ಹೊರಗಿನಿಂದ ನನ್ನ ಹತ್ತಿರ ಬರುತ್ತದೆ. ಬಂದದ್ದು ಹೋಗಲೂಬಹುದು. ಇದನ್ನೂ ಚೀಟಿಯಲ್ಲಿ ಹಾಕಿದ್ದೇನೆ: ‘ಅನ್ನಿಸುತ್ತಿದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಹೋಗುತ್ತದೆ.’

ಚೀಟಿಯ ಹಿಂಭಾಗದಲ್ಲಿ ಒಂದು ಎಚ್ಚರಿಕೆಯೂ ಇದೆ. ವರ್ಷಗಟ್ಟಲೆ ತುಂಬಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಮಾತು ಮದ್ದಿನ ಜೊತೆಗೆ, ಮದ್ದಿನ ಬದಲಿಗೆ ಅಲ್ಲ.

ಈಗ ತಲೆಬರಹಕ್ಕೆ ನನ್ನ ಹತ್ತಿರ ಇರುವ ಪದಗಳು. ‘ನೆಚ್ಚುನುಡಿ’ ನನಗೆ ಇಷ್ಟ, ನೆಚ್ಚು ಅಂದರೆ ನಂಬು. ಆದರೆ ‘ನೆಚ್ಚಿನ ನಟ’ ಬಂದ ಮೇಲೆ ಇಷ್ಟದ ಸಾಲು ಅಂತಲೇ ಓದಿಕೊಳ್ಳುತ್ತಾರೆ. ‘ಗಟ್ಟಿಮಾತು’ ‘ಮನಸ್ಸು ಗಟ್ಟಿ ಮಾಡಿಕೋ’ ಅನ್ನುವುದಕ್ಕೆ ಹತ್ತಿರ, ಆದರೆ ಜೋರಾಗಿ ಕೂಗುವುದು ಅನ್ನುವ ಅರ್ಥ ಅಡ್ಡ ಬರುತ್ತದೆ. ‘ಸ್ವಸೂಚನೆ’ ಪಠ್ಯಪುಸ್ತಕಕ್ಕೆ ಸರಿ. ಸದ್ಯಕ್ಕೆ ಮನಸ್ಸು ನಿಂತಿರುವುದು ‘ಧೈರ್ಯದ ಮಾತು’ ಅನ್ನುವುದರ ಮೇಲೆ. ಕಷ್ಟದಲ್ಲಿದ್ದವರಿಗೆ ಧೈರ್ಯ ಹೇಳುತ್ತೇವೆ. ಅದನ್ನೇ ತನಗೆ ತಾನು ಹೇಳಿಕೊಳ್ಳುವುದು. ಧೈರ್ಯವನ್ನು ಎಷ್ಟು ಸಲ ಬೇಕಾದರೂ ಹೇಳಬಹುದು, ಬಿದ್ದವನಿಗೆ ಇನ್ನೂ ಜಾಸ್ತಿ ಹೇಳಬಹುದು. ಹಳ್ಳಿಗಳ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರನ್ನು ‘ನವಜೀವನ’ ಸದಸ್ಯರು ಅನ್ನುತ್ತಾರಲ್ಲ, ಹಾಗೆ ಕರೆಸಿಕೊಂಡವನು ತಲೆ ಎತ್ತುವಂಥ ಪದವಾದರೆ ಇನ್ನೂ ಒಳ್ಳೆಯದು.

ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರದ ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ನಿಮ್ಮ ಮನೆಗಳಲ್ಲಿ ಅಜ್ಜಿ, ಅಮ್ಮಂದಿರು ಒಬ್ಬರೇ ಕೂತು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದಕ್ಕೆ ಬೇರೆ ಹೆಸರಿದೆಯಾ? ಮುಂದಿನ ಗುರುವಾರ ಚೀಟಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ದಯವಿಟ್ಟು ತಿಳಿಸಿ.